ಕಲ್ಲಿನ ನೆತ್ತಿಯ ಚಿತ್ರಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಗುಡಿಯ ಪಕ್ಕದಲ್ಲೋ ಅಗಸಿಯ ಹತ್ತಿರವೋ ಶಾಸನದ ಕಲ್ಲೊಂದು ನಿಂತಿರುವುದು ಅಪರೂಪವಲ್ಲ. ಅದರ ಅಕ್ಷರಗಳು ಹಳೆಯವು. ಓದಲು ಬಲ್ಲವರು ಬೇಕು. ಕಲ್ಲಿನ ನೆತ್ತಿಯ ಮೇಲಿನ ಚಿತ್ರಗಳನ್ನು ಮಾತ್ರ ಯಾರಾದರೂ ಓದಬಹುದು.

ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಸಾಮಾನ್ಯವಾಗಿ ನಡುವೆ ಶಿವಲಿಂಗ, ಪಕ್ಕದಲ್ಲಿ ಪೂಜಿಸುವ ಯತಿ, ಕರುವಿಗೆ ಹಾಲೂಡಿಸುವ ಆಕಳು, ಕತ್ತಿ, ಮೇಲೆ ಸೂರ್ಯಚಂದ್ರರು ಇರುತ್ತಾರೆ. ಸೂರ್ಯಚಂದ್ರರಿರುವ ತನಕ ದಾನ ನಡೆಯಬೇಕು. ಲಿಂಗ ಮತ್ತು ಯತಿ ಧರ್ಮದ ಸಾಕ್ಷಿ. ಕತ್ತಿ ಅರಸನ ಕಾವಲು. ದಾನ ಕೆಡಿಸಿದವನಿಗೆ ಗೋಹತ್ಯೆಯ ಪಾಪ ತಟ್ಟಲಿ ಎಂದು ಶಾಸನದ ಕೊನೆಯಲ್ಲಿ ಶಾಪ ಬರೆಸುವುದು ವಾಡಿಕೆ. ಅಕ್ಷರ ಬಾರದವನಿಗೆ ಆ ಶಾಪವನ್ನು ಆಕಳೇ ನೆನಪಿಸುತ್ತಿತ್ತು.

ಐದಾರು ಶತಮಾನಗಳ ಅನಂತರ ಯೂರೋಪಿನಲ್ಲೂ ಇಂಥ ಚಿತ್ರಭಾಷೆ ಬೆಳೆಯಿತು. 1651ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಥಾಮಸ್ ಹಾಬ್ಸ್‌ನ ‘ಲೆವಯಥನ್’ ಗ್ರಂಥದ ಮುಖಚಿತ್ರ ತಾಮ್ರದ ತಗಡಿನಲ್ಲಿ ಕೊರೆದದ್ದು. ಬೆಟ್ಟದಾಚೆ ಕಿರೀಟ ತೊಟ್ಟ ದೈತ್ಯ. ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಬಿಷಪ್ಪರ ದಂಡ. ಅವನ ಮೈಯೆಲ್ಲ ಪುಟ್ಟ ಪುಟ್ಟ ಮನುಷ್ಯರು. ರಾಜ್ಯ, ಧರ್ಮ ಎರಡೂ ಒಬ್ಬ ಆಳುವವನ ಹಿಡಿತದಲ್ಲಿರಬೇಕು ಎಂಬುದು ಅದರ ಮಾತು.

ನಮ್ಮ ದಾನಶಾಸನದಲ್ಲಿ ಕತ್ತಿಯೂ ಇದೆ, ದೇವರೂ ಇದ್ದಾನೆ, ಅರಸನ ಮುಖವಿಲ್ಲ. ಎರಡೂ ಅಧಿಕಾರಗಳು ಒಂದು ದತ್ತಿಯ ಕಾವಲಿಗೆ ನಿಂತಿವೆ.

ಆ ದತ್ತಿ ಎಂಥದಿರಬಹುದು? ಇವಕ್ಕಿಂತ ಹಳೆಯ ಶಾಸನವೊಂದು ಇಂಡಿ ತಾಲ್ಲೂಕಿನ ಸಾಲೋಟಗಿಯದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ತ್ರೈಪುರುಷ ದೇವರ ಗುಡಿಗೆ ಸೇರಿದಂತೆ ಅಲ್ಲಿ ಶಾಲೆ ಕಟ್ಟಿಸಿದ. 945ರ ಆ ಕಂಬದ ಶಾಸನದ ಪ್ರಕಾರ ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು. ಅವರ ದೀಪದ ಖರ್ಚಿಗೆ 12 ನಿವರ್ತನ ಭೂಮಿ. ಊರಿನಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ ಕೊಡಬೇಕಿತ್ತು. ಮಂತ್ರಿ ಕಟ್ಟಿಸಿದ ಶಾಲೆಯನ್ನು ಮುಂದೆ ಉಳಿಸುವ ಹೊಣೆಯಲ್ಲಿ ಊರಿಗೂ ಪಾಲಿತ್ತು.

ಇಂಥ ಕಲ್ಲು ಊರಲ್ಲಿದ್ದರೆ ಅದಕ್ಕೆ ಸುಣ್ಣ, ಬಣ್ಣ ಬಳಿಯುವುದು ಬೇಡ, ಅಕ್ಷರ ಮುಚ್ಚಿಹೋಗುತ್ತವೆ. ದನ ಕಟ್ಟುವುದೂ ಬೇಡ. ಸಂಜೆಯ ಓರೆ ಬಿಸಿಲಿನಲ್ಲಿ ಚಿತ್ರಗಳು ಚೆನ್ನಾಗಿ ಕಾಣುತ್ತವೆ. ತಂದೆತಾಯಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ‘ಯಾವುದು ಏನು ಹೇಳುತ್ತದೆ?’ ಎಂದು ಕೇಳಬಹುದು. ಸೂರ್ಯಚಂದ್ರರು ಇನ್ನೂ ಇದ್ದಾರೆ. ಕಲ್ಲಿನ ಕಾವಲು ಮಾತ್ರ ಈಗ ಊರಿನವರದು.