ಜೋಕಾಲಿಯ ಲೆಕ್ಕ

ನಾಗರ ಪಂಚಮಿ ಹತ್ತಿರ ಬಂತೆಂದರೆ ದಾವಣಗೆರೆ, ಹರಿಹರದ ಸುತ್ತಿನ ಹಳ್ಳಿಗಳಲ್ಲಿ ಅಟ್ಟದ ಮೇಲಿನ ಹಗ್ಗ ಕೆಳಗಿಳಿಯುತ್ತದೆ. ಗುತ್ತೂರಿನಂಥ ಊರಿನಲ್ಲಿ ಬೇವಿನ ಮರಕ್ಕೋ ಹುಣಸೆ ಮರಕ್ಕೋ ಇಪ್ಪತ್ತು ಅಡಿಯ ಜೋಕಾಲಿ ಕಟ್ಟಿದ್ದಾರೆ ಎಂದುಕೊಳ್ಳಿ. ಮೆಲ್ಲಗೆ ತೂಗಿದರೆ ಅದು ಹೋಗಿ ಮರಳಿ ಬರಲು ಸುಮಾರು ಐದು ಸೆಕೆಂಡು ಬೇಕು. ಮೇಲೆ ಕೂತವಳು ಹಬ್ಬಕ್ಕೆ ತವರಿಗೆ ಬಂದ ಅಕ್ಕನಾದರೂ ಅಷ್ಟೇ, ಎರಡನೇ ಕ್ಲಾಸಿನ ತಂಗಿಯಾದರೂ ಅಷ್ಟೇ. ಮನೆಯ ತೊಲೆಗೆ ಕಟ್ಟಿದ ಐದು ಅಡಿಯ ಜೋಕಾಲಿಗೆ ಎರಡೂವರೆ ಸೆಕೆಂಡು ಸಾಕು. ಉದ್ದ ನಾಲ್ಕು ಪಟ್ಟಾದರೆ ಕಾಲ ಎರಡು ಪಟ್ಟು; ಕೂತವರ ತೂಕಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. (ಹುಡುಗರು ನಿಂತು ಜೀಕಿ ಕೊಂಬೆ ಮುಟ್ಟಲು ಹೊರಟರೆ ಮಾತು ಬೇರೆ. ಎರಡೂ ಕಡೆ 60 ಡಿಗ್ರಿಯಷ್ಟು ತೂಗಿದರೆ ಅವಧಿ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ತೂಗು ದೊಡ್ಡದಾದರೂ ಅವಧಿ ಬದಲಾಗದು ಎಂದು ಗೆಲಿಲಿಯೊ ನಂಬಿದ್ದ. ಸಣ್ಣ ತೂಗಿಗೆ ಮಾತ್ರ ಅದು ಸರಿ.)

ಜೋಕಾಲಿಯ ಹಲಗೆ ತೆಗೆದು ಗುಂಡು ಕಟ್ಟಿದರೆ ಅದೇ ಲೋಲಕ. ಉದ್ದವನ್ನು ಗುರುತ್ವ ವೇಗೋತ್ಕರ್ಷದಿಂದ, ಅಂದರೆ ‘ಜಿ’ಯಿಂದ ಭಾಗಿಸಿ, ವರ್ಗಮೂಲ ತೆಗೆದು, 6.283ರಿಂದ ಗುಣಿಸಿದರೆ ಆಂದೋಲನಾವಧಿ ಸಿಗುತ್ತದೆ. ಅವಧಿಯನ್ನು ಅಳೆದು ಲೆಕ್ಕವನ್ನು ಹಿಂದಕ್ಕೆ ನಡೆಸಿದರೆ ಜಿ ಸಿಗುತ್ತದೆ. ಪಿ.ಯು.ಸಿ. ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಮಾಡುವುದು ಇದನ್ನೇ.

ಅಲ್ಲೇ ಒಂದು ತಮಾಷೆ ನಡೆಯುತ್ತದೆ. ಉತ್ತರ 9.81 ಬರಬೇಕೆಂದು ಎಲ್ಲರಿಗೂ ಮೊದಲೇ ಗೊತ್ತು. 9.77 ಬಂದ ಹುಡುಗ ಗಾಬರಿಯಾಗಿ ಪಕ್ಕದವಳ ರೆಕಾರ್ಡ್ ಪುಸ್ತಕ ಇಣುಕಿ ನೋಡುತ್ತಾನೆ, ರಬ್ಬರ್ ತೆಗೆದು ಒಂದೆರಡು ಅಂಕಿ ತಿದ್ದುತ್ತಾನೆ. 9.81 ‘ಬರುತ್ತದೆ’. ಪಾಪ, ತಿದ್ದುವ ಮೊದಲೇ ಅವನು ನಿಜಕ್ಕೆ ಹತ್ತಿರವಿದ್ದ! 9.81 ಎಂಬುದು ಲಂಡನ್, ಪ್ಯಾರಿಸ್ ಕಡೆಯ ಬೆಲೆ. ಭೂಮಿ ಸಮಭಾಜಕದ ಬಳಿ ಉಬ್ಬಿದೆ, ಅಲ್ಲಿ ಅದರ ತಿರುಗುವ ವೇಗವೂ ಹೆಚ್ಚು. ಎರಡೂ ಕಾರಣಗಳಿಂದ ಅತ್ತ ಸರಿದಂತೆ ಜಿ ಇಳಿಯುತ್ತದೆ. ದಾವಣಗೆರೆ ಇರುವುದು ಸುಮಾರು ಹದಿನಾಲ್ಕೂವರೆ ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಇಲ್ಲಿಯ ಬೆಲೆ 9.78. ಲಂಡನ್ನಿನಲ್ಲಿ ಸರಿಯಾಗಿ ನಡೆಯುವ ಲೋಲಕದ ಗಡಿಯಾರವನ್ನು ತಂದು ನಮ್ಮ ಗೋಡೆಗೆ ತೂಗುಹಾಕಿದರೆ ದಿನಕ್ಕೆ ಎರಡು ನಿಮಿಷಕ್ಕಿಂತ ತುಸು ಹೆಚ್ಚೇ ಹಿಂದೆ ಬೀಳುತ್ತದೆ. ಗುಂಡಿನ ಕೆಳಗಿನ ತಿರುಪು ತಿರುಗಿಸಿ, ಲೋಲಕವನ್ನು ಮೂರು ಮಿಲಿಮೀಟರಿನಷ್ಟು ಗಿಡ್ಡ ಮಾಡಬೇಕು.

ಇದನ್ನು ಮೊದಲು ಕಂಡವನಿಗೂ ಇದೇ ಪೇಚು ಎದುರಾಗಿತ್ತು. ಹಾಲೆಂಡಿನ ಹೈಗೆನ್ಸ್ 1656ರಲ್ಲಿ ಲೋಲಕದ ಗಡಿಯಾರವನ್ನು ರೂಪಿಸಿದ. 1672ರಲ್ಲಿ ಫ್ರಾನ್ಸಿನ ಜಾನ್ ರಿಶೆ ಅಂಥ ಗಡಿಯಾರದೊಂದಿಗೆ ದಕ್ಷಿಣ ಅಮೆರಿಕದ ಕಯೆನ್ನಿಗೆ ಹೋದ. ಸಮಭಾಜಕದಿಂದ ಬರೀ ಐದು ಡಿಗ್ರಿ ದೂರದ ಊರು. ಗಡಿಯಾರ ದಿನಕ್ಕೆ ಎರಡೂವರೆ ನಿಮಿಷ ನಿಧಾನವಾಯಿತು. ಅಲ್ಲಿಯ ಸೆಕೆಯಿಂದ ಲೋಲಕ ಹಿಗ್ಗಿರಬೇಕು ಎಂದು ಪ್ಯಾರಿಸ್ಸಿನಲ್ಲಿ ಸಂಶಯಪಟ್ಟವರಿದ್ದರು. ರಿಶೆ ಅಂಕಿಯನ್ನು ಬದಲಿಸಲಿಲ್ಲ. ಮುಂದೆ ನ್ಯೂಟನ್ ಭೂಮಿ ಧ್ರುವಗಳ ಕಡೆ ಚಪ್ಪಟೆಯಾಗಿದೆ ಎಂದು ವಾದಿಸುವಾಗ ಆ ಎರಡೂವರೆ ನಿಮಿಷ ಸಾಕ್ಷಿಗೆ ಬಂತು.

ನಮ್ಮ ನಾಡಿನಲ್ಲೂ ಇಂಥ ಅಳತೆ ನಡೆದಿದೆ. 1865ರಲ್ಲಿ ಭಾರತದ ಮಹಾ ತ್ರಿಕೋನಮಿತಿ ಸರ್ವೆಯವರು ಲಂಡನ್ನಿನ ರಾಯಲ್ ಸೊಸೈಟಿಯಿಂದ ಹಿತ್ತಾಳೆಯ ಎರಡು ಲೋಲಕಗಳನ್ನು ಎರವಲು ತಂದು, ಕ್ಯಾಪ್ಟನ್ ಜೇಮ್ಸ್ ಬಸೆವಿ ಎಂಬ ಅಧಿಕಾರಿಗೆ ಒಪ್ಪಿಸಿದರು. ಕನ್ಯಾಕುಮಾರಿಯ ಕಡೆಯಿಂದ ಹಿಮಾಲಯದವರೆಗೆ ಲೋಲಕ ತೂಗಿದ ಠಾಣೆಗಳಲ್ಲಿ ಬೆಂಗಳೂರು ಇದೆ, ಮಂಗಳೂರೂ ಇದೆ. ಅಳೆಯುವ ಉಪಾಯ ಜಾಣತನದ್ದು. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಲೋಲಕ ತೂಗುತ್ತಿರುತ್ತದೆ. ಹಿಂದೆ ಗಡಿಯಾರದ ಲೋಲಕ. ಎರಡೂ ಒಟ್ಟಿಗೆ ನಡುಗೆರೆ ದಾಟುವ ಕ್ಷಣವನ್ನು ದುರ್ಬೀನಿನಲ್ಲಿ ಕಾಯಬೇಕು. ಆಮೇಲೆ ಒಂದು ಹಿಂದೆ ಬೀಳುತ್ತ ಹೋಗುತ್ತದೆ. ಮತ್ತೆ ಅವು ಜೊತೆಗೂಡುವ ಹೊತ್ತಿಗೆ ಎಷ್ಟು ಸಮಯವಾಯಿತು ಎಂಬುದರಿಂದ ಸೆಕೆಂಡಿನ ಅತಿ ಸಣ್ಣ ಪಾಲೂ ಸಿಗುತ್ತದೆ. ಗಡಿಯಾರ ಸರಿಯೇ ಎಂದು ನೋಡಲು ಆಕಾಶದ ನಕ್ಷತ್ರಗಳಿದ್ದವು.

ಇಷ್ಟೆಲ್ಲ ಶ್ರಮ ಯಾಕೆ? ಹಿಮಾಲಯದಂಥ ಭಾರಿ ರಾಶಿ ಪಕ್ಕದಲ್ಲಿದ್ದರೆ ತೂಗುಗುಂಡಿನ ದಾರ ಅತ್ತ ವಾಲಬೇಕು. ಸರ್ವೆಯವರು ನೋಡಿದರೆ ವಾಲಿದ್ದು ಲೆಕ್ಕದ ಮೂರನೇ ಒಂದು ಪಾಲಿನಷ್ಟು ಮಾತ್ರ. ನೀರಿನಲ್ಲಿ ತೇಲುವ ಮಂಜುಗಡ್ಡೆಯಂತೆ ಬೆಟ್ಟದ ಹಗುರ ಬುಡ ಭೂಮಿಯೊಳಗೆ ಆಳಕ್ಕೆ ಇಳಿದಿರಬೇಕು ಎಂದು ಏರಿ ಎಂಬ ವಿಜ್ಞಾನಿ 1855ರಲ್ಲಿ ಊಹಿಸಿದ. ಊಹೆಯನ್ನು ಒರೆಗೆ ಹಚ್ಚಲು ಬಸೆವಿ ಲೋಲಕಗಳನ್ನು ಲಡಾಖಿನ ಮೋರೆ ಬಯಲಿಗೆ, 15 ಸಾವಿರ ಅಡಿಗೂ ಮೇಲಕ್ಕೆ ಹೊತ್ತೊಯ್ದರು. ಅಲ್ಲಿ ಸಿಕ್ಕ ಅಳತೆ ಕೆಳಗಿನ ಅಷ್ಟು ದೊಡ್ಡ ಪ್ರಸ್ಥಭೂಮಿ ಇಲ್ಲವೇ ಇಲ್ಲ ಎನ್ನುವ ಹಾಗಿತ್ತು. ಅಳತೆಯ ಕೆಲಸದಲ್ಲಿರುವಾಗಲೇ, 1871ರ ಜುಲೈ 17ರಂದು, ಆ ಚಳಿಯಲ್ಲೇ ಅವರು ತೀರಿಕೊಂಡರು. ವಯಸ್ಸು ನಲವತ್ತೂ ಆಗಿರಲಿಲ್ಲ. ಉಳಿದ ಕೆಲಸವನ್ನು ಹೆವಿಸೈಡ್ ಎಂಬ ಇನ್ನೊಬ್ಬ ಅಧಿಕಾರಿ ಮುಗಿಸಿದರು.

ನಮ್ಮೂರಿನ ಜಿಯನ್ನು ನೀವೇ ಅಳೆಯಬಹುದು. ತಂದೆತಾಯಿ ಒಂದು ಭಾನುವಾರ ಬಿಡುವು ಮಾಡಿಕೊಂಡರೆ ಸಾಕು. ಗಾರೆ ಕೆಲಸದವರು ಗೋಡೆ ನೋಡಲು ಇಳಿಬಿಡುವಂಥ ಭಾರದ ಗುಂಡು, ಜಗ್ಗದ ತೆಳು ದಾರ, ಗಟ್ಟಿಯಾದ ಕೊಕ್ಕೆ ಬೇಕು. ಉದ್ದ ನಾಲ್ಕು ಮೀಟರ್ ಇರಲಿ. ಪ್ರಯೋಗಾಲಯದ ಒಂದು ಮೀಟರಿನಲ್ಲಿ ಈ ವ್ಯತ್ಯಾಸ ಹಿಡಿಯುವುದು ಕಷ್ಟ. ಗುಂಡನ್ನು ತೂಗುಬಿಟ್ಟ ಮೇಲೆ, ಕೊಕ್ಕೆಯಿಂದ ಗುಂಡಿನ ನಡುವಿನವರೆಗೆ ಅಳೆಯಿರಿ. ನಡುವಿನಿಂದ ಒಂದು ಗೇಣಿಗಿಂತ ಆಚೆ ಎಳೆಯಬೇಡಿ. 200 ಆಂದೋಲನಗಳಿಗೆ, ಅಂದರೆ ಹದಿಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು, ಕಾಯಬೇಕು. ಜಿ 9.81 ಇದ್ದರೆ ಗಡಿಯಾರ 802.4 ಸೆಕೆಂಡು ತೋರಿಸಬೇಕು, 9.78 ಇದ್ದರೆ 803.7. ಇರುವ ಅಂತರ ಒಂದೂಕಾಲು ಸೆಕೆಂಡು. ಆದ್ದರಿಂದ ಗುಂಡು ನಡುಗೆರೆ ದಾಟುವಾಗ ಗುಂಡಿ ಒತ್ತಿ, ತುದಿಯಲ್ಲಿ ನಿಂತಾಗ ಅಲ್ಲ. ಮೂರು ನಾಲ್ಕು ಸಲ ಮಾಡಿ, ಬಂದದ್ದನ್ನೆಲ್ಲ ಬರೆದಿಡಿ. ಉತ್ತರ 9.88ರ ಆಸುಪಾಸು ಬಂದರೆ ಗುಂಡಿ ಒತ್ತಿದ ಕೂಡಲೇ ‘ಒಂದು’ ಎಂದು ಎಣಿಸಿದ್ದೀರಿ ಎಂದರ್ಥ. ‘ಸೊನ್ನೆ’ ಎಂದು ಶುರುಮಾಡಿ ಮತ್ತೆ ಎಣಿಸಿ.