ಕೊಂದವನಾರೆಂದು ತಿಳಿದ ಮೇಲೆ

ನಮ್ಮ ಶಾಲೆಯ ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿದಾಗ, ಶಿಸ್ತು, ಗೃಹಕೃತ್ಯ, ಮಕ್ಕಳ ಪಾಲನೆ ಇವುಗಳಲ್ಲಿ ಯಾವದಾದರೊಂದನ್ನು ನಾನು ಆರಿಸಿಕೊಳ್ಳುವೆನೆಂದು ಅವರು ನಿರೀಕ್ಷಿಸಿರಬಹುದು. ನಾನಾದರೋ ಒಂದು ಕೊಲೆಯ ಕಥೆಯ ವಿಷಯವಾಗಿ ಬರೆಯಲು ಕುಳಿತಿದ್ದೇನೆ. ಪತ್ತೇದಾರಿ ಕಥೆಗಳ ಚಟ ನನಗೆ ಈ ಶಾಲೆಯಲ್ಲಿದ್ದಾಗಲೇ ಅಂಟಿತ್ತು. ಭೂಗೋಳದ ಪುಸ್ತಕದೊಳಗೆ ಅಡಗಿಸಿಟ್ಟು ಅವುಗಳನ್ನು ಓದುತ್ತಿದ್ದೆನೆಂದು ಇಷ್ಟು ವರ್ಷಗಳ ಮೇಲೆ ಒಪ್ಪಿಕೊಂಡರೆ ಶಿಕ್ಷೆಯಾಗಲಾರದೆಂದು ನಂಬುತ್ತೇನೆ. ಆದರೆ ಈ ಕಥೆಯನ್ನು ಆರಿಸಿಕೊಂಡದ್ದು ಚಟದ ಕಾರಣದಿಂದ ಮಾತ್ರವಲ್ಲ. ತಾಯಂದಿರಾದ ನಮಗೆ ಅದು ಹೇಳುವದು ಒಂದುಂಟು. ಅದನ್ನು ಅದು ತನ್ನ ಕಡೆಯ ಕಂತಿನಲ್ಲಿ ಹೇಳಿತು.

ಇಂಗ್ಲೆಂಡಿನ ಐ.ಟಿ.ವಿ. ಎಂಬ ದೂರದರ್ಶನ ಸಂಸ್ಥೆಯು ೨೦೧೩ನೆಯ ಇಸವಿಯ ಮಾರ್ಚ್ ೪ರಿಂದ ಏಪ್ರಿಲ್ ೨೨ರ ವರೆಗೆ, ವಾರಕ್ಕೊಂದರಂತೆ ಎಂಟು ಕಂತುಗಳಲ್ಲಿ ಪ್ರಸಾರ ಮಾಡಿದ ಆ ಧಾರಾವಾಹಿಯ ಹೆಸರು ‘ಬ್ರಾಡ್‌ಚರ್ಚ್’. ಬರೆದವರು ಕ್ರಿಸ್ ಚಿಬ್ನಲ್. ಬ್ರಾಡ್‌ಚರ್ಚ್ ಎಂಬದು ಡಾರ್ಸೆಟ್ ಸೀಮೆಯ ಕಡಲ ತೀರದಲ್ಲಿರುವ ಒಂದು ಕಲ್ಪಿತ ಪಟ್ಟಣ. ಅಲ್ಲಿ ಕಾಣುವ ಹಳದಿ ಬಣ್ಣದ ಕಡಿದಾದ ಬಂಡೆಯಾದರೋ ನಿಜವಾದದ್ದು. ಅದು ಆ ಸೀಮೆಯ ವೆಸ್ಟ್ ಬೇ ಎಂಬ ಊರಿನಲ್ಲಿದೆ. ಕಡೆಯ ಕಂತನ್ನು ಆ ರಾತ್ರಿ ಆ ದೇಶದಲ್ಲಿ ಸುಮಾರು ೯೦ ಲಕ್ಷ ಜನರು ನೋಡಿದರು. ಇನ್ನೂ ನೋಡದವರು, ನೋಡಬೇಕೆಂಬ ಆಶೆಯುಳ್ಳವರು, ದಯವಿಟ್ಟು ಈ ಪುಟವನ್ನು ಇಲ್ಲಿಗೇ ಮುಚ್ಚಿ ನೋಡಿದ ಬಳಿಕ ತೆರೆಯಲಿ. ಗುಟ್ಟನ್ನು ಹೇಳದೆ ನನ್ನ ಅಭಿಪ್ರಾಯವನ್ನು ಹೇಳಲು ಸಾಧ್ಯವಿಲ್ಲ.

ಕಥೆಯು ಹೀಗಿದೆ. ಡ್ಯಾನಿ ಲ್ಯಾಟಿಮರ್ ಎಂಬ ಹನ್ನೊಂದು ವರ್ಷದ ಹುಡುಗನ ಶವವು ಆ ಬಂಡೆಯ ಕೆಳಗೆ ಮರಳಿನ ಮೇಲೆ ದೊರೆಯುತ್ತದೆ. ತನಿಖೆಗೆ ಇಬ್ಬರು ಅಧಿಕಾರಿಗಳು. ಒಬ್ಬನು ಹೊರಗಿನಿಂದ ಬಂದ, ರೋಗಿಷ್ಠನೂ ಸಿಡುಕನೂ ಆದ ಅಲೆಕ್ ಹಾರ್ಡಿ. ಈ ಪಾತ್ರ ಡೇವಿಡ್ ಟೆನಂಟರದು. ಇನ್ನೊಬ್ಬಳು ಅದೇ ಊರಿನವಳಾದ ಎಲೀ ಮಿಲ್ಲರ್. ಈ ಪಾತ್ರ ಒಲಿವಿಯಾ ಕೋಲ್ಮನ್ ಅವರದು. ಸತ್ತ ಹುಡುಗನ ತಾಯಿ ಬೆತ್ ಎಲೀಯ ಗೆಳತಿ. ಡ್ಯಾನಿಯು ಎಲೀಯ ಮಗನಾದ ಟಾಮ್‌ನ ಸಂಗಡಿಗ. ಯಾರನ್ನೂ ನಂಬಬೇಡ, ನಿನ್ನ ಊರನ್ನು ಪರಕೀಯಳಂತೆ ನೋಡು ಎಂದು ಹಾರ್ಡಿಯು ಆಕೆಗೆ ಬುದ್ಧಿ ಹೇಳುತ್ತಾನೆ. ಅದು ಆಕೆಗೆ ಒಗ್ಗುವದಿಲ್ಲ. ನೋಡುವ ನಮಗೂ ಒಗ್ಗುವದಿಲ್ಲ. ಏಕೆಂದರೆ ನಾವೆಲ್ಲರೂ ಎಲೀಯಂತೆಯೇ ಒಂದೊಂದು ಊರಿನ ಮಕ್ಕಳು.

ನಾನೂ ನನ್ನ ಮಗಳೂ ದಿನಕ್ಕೊಂದು ಕಂತನ್ನು ಮಾತ್ರ ನೋಡುವದೆಂದು ಒಪ್ಪಂದ ಮಾಡಿಕೊಂಡು, ಎಂಟು ರಾತ್ರಿಗಳಲ್ಲಿ ಇದನ್ನು ನೋಡಿ ಮುಗಿಸಿದೆವು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಅವಳು ಸಂಶಯಕ್ಕೆ ಪಾತ್ರರಾದವರ ಪಟ್ಟಿಯೊಂದನ್ನು ಬರೆದಿಟ್ಟಳು. ಪ್ರತಿರಾತ್ರಿ ಒಬ್ಬರ ಹೆಸರನ್ನು ಹೊಡೆದುಹಾಕಿ ಇನ್ನೊಬ್ಬರ ಹೆಸರನ್ನು ಮೇಲಕ್ಕೇರಿಸುವದು ನಮ್ಮ ಆಟವಾಯಿತು. ನನ್ನ ಪಟ್ಟಿಯ ತಲೆಯಲ್ಲಿ ಬಹಳ ದಿವಸ ಇದ್ದವನು ಜ್ಯಾಕ್ ಮಾರ್ಷಲ್ ಎಂಬ ಮುದುಕ. ಅವನು ಪತ್ರಿಕೆಗಳನ್ನು ಮಾರುವ ಅಂಗಡಿಯವನು, ಊರಿನ ಹುಡುಗರ ಸಾಗರದಳವನ್ನು ನಡೆಸುವವನು, ಒಂಟಿಯಾಗಿ ಬಾಳುವವನು, ಮಾತು ಕಡಮೆ. ಹಿಂದೊಮ್ಮೆ ಜೈಲುವಾಸ ಅನುಭವಿಸಿದ್ದನೆಂದು ವರ್ತಮಾನಪತ್ರಿಕೆಯವರು ಕೆದಕಿ ತೆಗೆದು ಅಚ್ಚುಮಾಡುತ್ತಾರೆ. ಇಷ್ಟು ಸಾಲದೇ? ಊರಿನವರು ಅವನ ಅಂಗಡಿಗೆ ಬರುವದನ್ನು ಬಿಡುತ್ತಾರೆ. ಗಂಡಸರು ಗುಂಪುಕೂಡಿ ಬೆದರಿಸುತ್ತಾರೆ. ಐದನೆಯ ಕಂತಿನ ಕೊನೆಯಲ್ಲಿ ಅವನು ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳುತ್ತಾನೆ. ಡ್ಯಾನಿಯ ಮರಣದಲ್ಲಿ ಅವನ ಕೈ ಇರಲೇ ಇಲ್ಲ.

ಆ ರಾತ್ರಿ ನಾವು ಏನು ಮಾಡಿದೆವೆಂಬದನ್ನು ಹೇಳಲು ನಾಚಿಕೆಯಾಗುತ್ತದೆ. ಅಯ್ಯೋ ಪಾಪವೆಂದೆವು, ಅವನ ಹೆಸರನ್ನು ಹೊಡೆದುಹಾಕಿದೆವು, ಪಾದ್ರಿಯಾದ ಪಾಲ್ ಕೋಟ್ಸನ ಹೆಸರನ್ನು ಮೇಲಕ್ಕೇರಿಸಿದೆವು. ಆಟವು ಮುಂದುವರಿಯಿತು.

ಎಂಟನೆಯ ರಾತ್ರಿ ಬಂತು. ಕಡೆಯ ಕಂತು ಪ್ರಾರಂಭವಾಗಿ ಸ್ವಲ್ಪ ಹೊತ್ತಿನೊಳಗೇ, ಕಾಣೆಯಾಗಿದ್ದ ಡ್ಯಾನಿಯ ಫೋನಿನ ಸಂಕೇತವನ್ನು ಹಿಂಬಾಲಿಸುತ್ತಾ ಹಾರ್ಡಿಯು ಒಂದು ಮನೆಯನ್ನು ಹೊಕ್ಕು ಅದರ ಹಿತ್ತಿಲಿಗೆ ಬರುತ್ತಾನೆ. ಅದು ಎಲೀ ಮಿಲ್ಲರಳ ಮನೆ. ಫೋನನ್ನು ಹಿಡಿದು ನಿಂತವನು ಆಕೆಯ ಗಂಡನಾದ ಜೋ. ಹೆಂಡತಿ ಕೆಲಸಕ್ಕೆ ಹೋಗುವದರಿಂದ ತಾನು ಮನೆಯಲ್ಲಿದ್ದು ಕೂಸನ್ನು ನೋಡಿಕೊಳ್ಳುತ್ತಿದ್ದವನು, ಸೌಮ್ಯಸ್ವಭಾವದವನು, ಇಂಥ ಗಂಡನು ಎಲ್ಲರಿಗೂ ದೊರೆಯಬಾರದೇ ಎಂದು ನಾನು ಎರಡನೆಯ ರಾತ್ರಿಯೇ ಹೇಳಿದ್ದವನು! ಅವನ ಹೆಸರು ನಮ್ಮ ಪಟ್ಟಿಯಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಈ ಕಂತಿನ ಮೇಲೆ ನನ್ನ ಸ್ನೇಹಿತೆಯರು ಕೆಲವರು ಒಂದು ದೂರನ್ನು ಹೇಳುತ್ತಾರೆ. ಅಪರಾಧಿಯು ಇಷ್ಟು ಬೇಗನೆ ಸಿಕ್ಕಿಬಿದ್ದರೆ ಮಿಕ್ಕ ಹೊತ್ತೆಲ್ಲ ನೋಡುವದೇನು? ಓಟವಿಲ್ಲ, ಹೊಡೆದಾಟವಿಲ್ಲ, ಕಡೆಯ ಗಳಿಗೆಯ ತಿರುವಿಲ್ಲ; ಬರೇ ಅಳುವದು, ಸುಮ್ಮನೆ ಕೂತಿರುವದು, ಶವಸಂಸ್ಕಾರ. ಪತ್ತೇದಾರಿ ಕಥೆಯ ನಿಯಮದಂತೆ ಹೆಸರು ಕಡೆಯ ಪುಟದಲ್ಲಿ ಬರಬೇಕಷ್ಟೆ ಎಂಬದು ಅವರ ವಾದ.

ನಾನು ಇದನ್ನು ಒಪ್ಪುವದಿಲ್ಲ. ಹೆಸರು ಕಡೆಯ ಪುಟದಲ್ಲಿ ಬಂದರೆ ಓದುಗನು ಪುಸ್ತಕವನ್ನು ಮುಚ್ಚಿ ನೆಮ್ಮದಿಯಿಂದ ಮಲಗುತ್ತಾನೆ. ಕೊಲೆಯೆಂಬದು ಒಂದು ಲೆಕ್ಕ, ಉತ್ತರ ಸಿಕ್ಕಿತು, ಮುಗಿಯಿತು ಎಂದು ಅವನಿಗೆ ತೋರುತ್ತದೆ. ಆದರೆ ಹೆಸರು ತಿಳಿದ ಮಾರನೆಯ ಬೆಳಗ್ಗೆ ಆ ಎರಡು ಮನೆಗಳಲ್ಲಿ ಏನಾಯಿತು? ಬೆತ್ ಯಾರ ಮುಖವನ್ನು ನೋಡಬೇಕು? ಎಲೀಯು ತನ್ನ ಮಕ್ಕಳನ್ನು ಯಾವ ಮನೆಗೆ ಕರೆದುಕೊಂಡು ಹೋಗಬೇಕು? ನಿಯಮದಂತೆ ಬರೆದ ಕಥೆಗಳು ಇವುಗಳನ್ನು ಕೇಳುವದೇ ಇಲ್ಲ. ಈ ಕಂತು ಕೇಳಿತು. ಹಾರ್ಡಿಯು ಒಂದು ಕೋಣೆಯಲ್ಲಿ ಎಲೀಯನ್ನು ಕೂರಿಸಿ ಸುದ್ದಿಯನ್ನು ಹೇಳುವ ಆ ಕೆಲವು ನಿಮಿಷಗಳನ್ನು ನೋಡಿದವರು ಮರೆಯಲಾರರು. ಆಕೆ ಮೊದಲು ನಂಬುವದಿಲ್ಲ. ಆಮೇಲೆ ಆಕೆಯ ದೇಹವು ನಂಬುತ್ತದೆ, ಬಾಯಿ ಇನ್ನೂ ಇಲ್ಲವೆನ್ನುತ್ತಿರುತ್ತದೆ. ೨೦೧೪ರಲ್ಲಿ ಬ್ರಿಟಿಷ್ ಅಕಾಡೆಮಿಯವರು ಕೋಲ್ಮನ್ ಅವರಿಗೆ ಶ್ರೇಷ್ಠ ನಟಿಯೆಂಬ ಬಹುಮಾನವನ್ನೂ, ಜ್ಯಾಕ್ ಮಾರ್ಷಲ್ ಆಗಿದ್ದ ಡೇವಿಡ್ ಬ್ರಾಡ್ಲಿಯವರಿಗೆ ಪೋಷಕ ನಟನ ಬಹುಮಾನವನ್ನೂ ಕೊಟ್ಟದ್ದು ಯುಕ್ತವೇ ಆಗಿತ್ತು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಏಳನೆಯ ಕಂತಿನಲ್ಲಿ ಸೂಸನ್ ರೈಟ್ ಎಂಬ ಹೆಂಗಸನ್ನು ಎಲೀಯು ವಿಚಾರಿಸುತ್ತಾಳೆ. ಆ ಹೆಂಗಸಿನ ಗಂಡನು ತನ್ನ ಹೆಣ್ಣುಮಕ್ಕಳಿಗೇ ಘೋರವಾದ ಕೇಡನ್ನು ಮಾಡಿದ್ದವನು. ನಿನ್ನ ಮನೆಯೊಳಗೇ ನಡೆಯುತ್ತಿತ್ತಲ್ಲ, ನಿನಗೆ ತಿಳಿಯದೆ ಹೋದದ್ದು ಹೇಗೆ ಎಂದು ಎಲೀಯು ತಿರಸ್ಕಾರದಿಂದ ಕೇಳುತ್ತಾಳೆ. ಮುಂದಿನ ಕಂತಿನಲ್ಲಿ ಅದೇ ಪ್ರಶ್ನೆಯನ್ನು ಬೆತ್ ಎಲೀಗೆ ಕೇಳುತ್ತಾಳೆ. ಕೊಟ್ಟ ಅಳತೆಯಲ್ಲೇ ಅಳೆಯಲ್ಪಡುವಿರಿ ಎಂಬ ವಾಕ್ಯವನ್ನು ನಾವು ಈ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಅದರ ಭಾರ ಎಷ್ಟೆಂದು ಆ ರಾತ್ರಿ ನನಗೆ ತಿಳಿಯಿತು. ಏಕೆಂದರೆ ಏಳನೆಯ ರಾತ್ರಿ ಎಲೀಯ ಸಂಗಡ ನಾನೂ ಆ ಪ್ರಶ್ನೆಯನ್ನು ಗಟ್ಟಿಯಾಗಿಯೇ ಕೇಳಿದ್ದೆನು.

ನಮ್ಮ ಸಂಶಯವು ಯಾವ ದಾರಿಯಲ್ಲಿ ನಡೆಯುತ್ತದೆಂಬದನ್ನು ನೋಡಿರಿ. ಅದು ಒಂಟಿಯಾದವರ, ಬಡವರ, ಮಾತು ಬಾರದವರ ಬಾಗಿಲಿಗೆ ನೇರವಾಗಿ ಹೋಗುತ್ತದೆ. ನಗುಮುಖದವನ ಬಾಗಿಲನ್ನು ದಾಟಿಹೋಗುತ್ತದೆ. ನನ್ನ ಜೊತೆಯಲ್ಲಿ ಓದಿದವರಿಗೆ ಶಾಲೆಯ ಗೇಟಿನ ಬಳಿ ಪೇರಳೆಹಣ್ಣು ಮಾರುತ್ತಿದ್ದ ಅಜ್ಜಿಯ ನೆನಪಿರಬಹುದು. ಒಂದು ವರ್ಷ ನಮ್ಮ ತರಗತಿಯ ಹುಡುಗಿಯೊಬ್ಬಳ ಫೀಸಿನ ಹಣ ಕಾಣೆಯಾಯಿತು. ಮಧ್ಯಾಹ್ನದ ಬಿಸಿಲಿಗೆ ಆ ಅಜ್ಜಿಯು ವರಾಂಡದಲ್ಲಿ ಕೂತಿರುತ್ತಿದ್ದಳೆಂದು ಯಾರೋ ಹೇಳಿದರು. ಅಷ್ಟೇ ಸಾಕಾಯಿತು. ಯಾರೂ ಅವಳನ್ನು ಬೈಯಲಿಲ್ಲ. ಆದರೆ ಅವಳ ಬುಟ್ಟಿಯ ಹಣ್ಣನ್ನು ಯಾರೂ ಕೊಳ್ಳಲಿಲ್ಲ. ಹತ್ತು ಹನ್ನೆರಡು ದಿವಸಗಳ ಮೇಲೆ ಅವಳು ಬರುವದು ನಿಂತಿತು. ಆಮೇಲೆ ಆ ಹಣವು ಆ ಹುಡುಗಿಯ ಹಾಡಿನ ಪುಸ್ತಕದ ಹಾಳೆಗಳ ನಡುವೆಯೇ ದೊರೆಯಿತು. ನಾವೆಲ್ಲರೂ ನಕ್ಕೆವು. ಅಜ್ಜಿಯ ಮನೆಯನ್ನು ಹುಡುಕಿ ಹೋಗಿ ಒಂದು ಮಾತನ್ನು ಹೇಳಬೇಕೆಂದು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ; ನನಗೂ ತೋಚಲಿಲ್ಲ. ಜ್ಯಾಕ್ ಮಾರ್ಷಲನ ಹೆಸರನ್ನು ಹಾಲಿನ ಪುಸ್ತಕದಲ್ಲಿ ಹೊಡೆದುಹಾಕಿದ ಕೈ ಆ ಹುಡುಗಿಯ ಕೈಯೇ.

ಹಾಗಾದರೆ ಎಲ್ಲರನ್ನೂ ಸಂಶಯಿಸಬೇಕೇ? ಗಂಡನನ್ನೂ, ಉಪಾಧ್ಯಾಯರನ್ನೂ, ನೆರೆಯವರನ್ನೂ ಪ್ರತಿದಿನ ಕಳ್ಳಗಣ್ಣಿನಿಂದ ನೋಡಬೇಕೇ? ಕಥೆಯು ಇದನ್ನು ಕಲಿಸುತ್ತದೆಂದು ಕೆಲವರು ಹೇಳುವರು. ನಾನು ಬೇರೆ ವಿಧವಾಗಿ ತಿಳಿಯುತ್ತೇನೆ. ಜೋ ತನ್ನ ತಪ್ಪೊಪ್ಪಿಗೆಯಲ್ಲಿ ಹೇಳುವದನ್ನು ಗಮನವಿಟ್ಟು ಕೇಳಿರಿ. ಡ್ಯಾನಿಯು ಅವನ ಬಳಿಗೆ ಮೊದಲು ಬಂದದ್ದು ತಂದೆಯಾದ ಮಾರ್ಕನಿಂದ ಪೆಟ್ಟು ತಿಂದ ಮೇಲೆ. ಮನೆಯಲ್ಲಿ ನೋವಾಯಿತು, ಹೇಳಿಕೊಳ್ಳಲು ಕಿವಿಯೊಂದು ಬೇಕಾಯಿತು, ದೊರೆತ ಕಿವಿ ಇದು. ಬಳಿಕ ಗುಟ್ಟಾದ ಭೇಟಿಗಳು, ಉಡುಗೊರೆಯಾಗಿ ಒಂದು ಫೋನು, ೫೦೦ ಪೌಂಡು ಹಣ. ಇದೆಲ್ಲ ಸಾಕೆಂದು ಹುಡುಗನು ಹೇಳಿದ ರಾತ್ರಿ, ಹೊರಗೆ ತಿಳಿದೀತೆಂಬ ಭಯದಿಂದ ಜೋ ಅವನ ಕತ್ತನ್ನು ಹಿಸುಕಿದನು. ಮಾರ್ಕನು ದುಷ್ಟನಾದ ತಂದೆಯಲ್ಲ. ಬೆತ್ ಅಲಕ್ಷ್ಯಮಾಡಿದ ತಾಯಿಯೂ ಅಲ್ಲ. ತಪ್ಪು ಕೊಂದವನದೇ; ಅದನ್ನು ಅವರ ತಲೆಗೆ ಕಟ್ಟುವದು ಅನ್ಯಾಯ. ಆದರೂ ಮಗುವಿನ ಹಾಸಿಗೆಯ ಕೆಳಗೆ ಇರುವ ಗುಟ್ಟನ್ನು ಹುಡುಕಿ ತೆಗೆಯುವ ಕಣ್ಣಿಗಿಂತ, ಅದನ್ನು ತಾನಾಗಿ ಹೇಳುವಂತೆ ಮಾಡುವ ಕಿವಿಯು ಹೆಚ್ಚು ಕಾಪಾಡುತ್ತದೆಂಬದು ನನಗೆ ತೋರಿದ ಅರ್ಥ.

ಇದೇ ಕಥೆಯನ್ನು ಅಮೇರಿಕದವರು ೨೦೧೪ರಲ್ಲಿ ‘ಗ್ರೇಸ್‌ಪಾಯಿಂಟ್’ ಎಂಬ ಹೆಸರಿನಿಂದ ಹತ್ತು ಕಂತುಗಳಲ್ಲಿ ತೆಗೆದರು. ಮೊದಲಿನದನ್ನು ನೋಡಿದವರಿಗೂ ಆಶ್ಚರ್ಯವಾಗಬೇಕೆಂದು ಕೊನೆಯನ್ನು ಬದಲಾಯಿಸಿದರು. ಅಲ್ಲಿ ಮಗನಾದ ಟಾಮ್‌ನ ಕೈಯಿಂದ ಆಕಸ್ಮಿಕವಾಗಿ ಮರಣ ಸಂಭವಿಸುತ್ತದೆ. ತಂದೆಯು ಅಪರಾಧವನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತಾನೆ. ಆಶ್ಚರ್ಯವೇನೋ ಆಯಿತು. ಆದರೆ ಕೇಡನ್ನು ಮಾಡಿದ ದೊಡ್ಡವನ ಭಾರವು ಇಳಿದು ಮಗುವಿನ ಹೆಗಲಿಗೆ ಬಂತು. ಪ್ರಶ್ನೆಯ ಮೊನೆ ಮೊಂಡಾಯಿತು. ತಿರುವೊಂದಕ್ಕಾಗಿ ಸತ್ಯವನ್ನು ಮಾರಿಕೊಂಡರೆ ಕಥೆಗೆ ಎಷ್ಟು ನಷ್ಟವಾಗುತ್ತದೆಂಬದಕ್ಕೆ ಈ ಎರಡು ಕೊನೆಗಳನ್ನು ಹೋಲಿಸಿ ನೋಡಿದರೆ ಸಾಕು. ಬ್ರಾಡ್‌ಚರ್ಚಿಗೂ ೨೦೧೫ರಲ್ಲಿ ಮತ್ತು ೨೦೧೭ರಲ್ಲಿ ಇನ್ನೆರಡು ಸರಣಿಗಳು ಬಂದವು. ನಾನು ಅವುಗಳನ್ನೂ ನೋಡಿದೆನು. ಆದರೆ ನನ್ನ ಮನಸ್ಸಿಗೆ ಕಥೆಯು ಆ ಎಂಟನೆಯ ರಾತ್ರಿಯೇ ಮುಗಿದಿದೆ.

ಮುಗಿದದ್ದು ಹೇಗೆಂದರೆ, ಡ್ಯಾನಿಯ ಸಂಸ್ಕಾರದ ಸಂಜೆ ಊರಿನವರು ಕಡಲ ತೀರದಲ್ಲಿ ಅವನ ನೆನಪಿಗೆ ಬೆಂಕಿಯನ್ನು ಹೊತ್ತಿಸುತ್ತಾರೆ. ನಾನು ಸಂಶಯಿಸಿದ್ದ ಆ ಪಾದ್ರಿಯು ನೆರೆಯ ಊರುಗಳಿಗೂ ಹೇಳಿಕಳಿಸಿದ್ದಾನೆ. ನೋಡುನೋಡುತ್ತಿರಲು ದೂರದ ತೀರದಲ್ಲಿ ಒಂದು ಬೆಂಕಿ, ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು ಹೊತ್ತಿಕೊಳ್ಳುತ್ತವೆ. ತಾಯಿತಂದೆಗಳು ಅವುಗಳನ್ನು ನೋಡುತ್ತಾ ನಿಲ್ಲುತ್ತಾರೆ. ಎಲೀಯು ಆ ಗುಂಪಿನಲ್ಲಿಲ್ಲ. ಆಕೆಯೂ ಹಾರ್ಡಿಯೂ ದೂರದಲ್ಲಿ ಒಂದು ಬೆಂಚಿನ ಮೇಲೆ ಕೂತಿದ್ದಾರೆ. ಊರಿಗೆಲ್ಲ ದೊರೆತ ಸಾಂತ್ವನ ಆಕೆಗೆ ದೊರೆಯಲಿಲ್ಲವೆಂಬದನ್ನು ಮರೆಮಾಡದೆ ತೋರಿಸಿದ್ದಕ್ಕಾಗಿ ನಾನು ಈ ಕಂತನ್ನು ಗೌರವಿಸುತ್ತೇನೆ.

ದೀಪವನ್ನು ಆರಿಸುವ ಮೊದಲು ನನ್ನ ಮಗಳು ಕೇಳಿದಳು: “ಅಮ್ಮಾ, ನಿಮಗಾಗಿದ್ದರೆ ಗೊತ್ತಾಗುತ್ತಿತ್ತೇ?”

ಆಗುತ್ತಿತ್ತೆಂದು ಹೇಳಲು ಬಾಯಿ ತೆರೆದವಳು ಎಲೀಯ ಮುಖವನ್ನು ನೆನೆದು ಸುಮ್ಮನಾದೆನು. ಬಳಿಕ, “ಇಲ್ಲ, ನನಗೆ ತಾನಾಗಿ ಗೊತ್ತಾಗುತ್ತಿರಲಿಲ್ಲ. ನೀನು ಹೇಳಿದರೆ ಮಾತ್ರ ಗೊತ್ತಾಗುವದು. ಹೇಳಿದರೆ ನಾನು ಸಿಟ್ಟುಮಾಡದೆ ಕೇಳುತ್ತೇನೆ,” ಎಂದೆನು.

ಅವಳು ಬಹಳ ಹೊತ್ತು ಮಾತನಾಡಲಿಲ್ಲ. ನಿದ್ದೆ ಹೋದಳೆಂದು ಭಾವಿಸಿದೆನು. ಆಮೇಲೆ ಕತ್ತಲೆಯಲ್ಲೇ ಒಂದು ಸಂಗತಿಯನ್ನು ಹೇಳಿದಳು. ಅದು ದೊಡ್ಡ ಸಂಗತಿಯೇನಲ್ಲ, ಅಪಾಯದ್ದೂ ಅಲ್ಲ. ಅದು ಅವಳದಾದ ಕಾರಣ ಇಲ್ಲಿ ಬರೆಯುವ ಹಕ್ಕು ನನಗಿಲ್ಲ. ಆದರೆ ನಾಲ್ಕು ತಿಂಗಳುಗಳಿಂದ ನನ್ನ ಮನೆಯೊಳಗೇ ಇದ್ದು ನನಗೆ ತಿಳಿಯದೆ ಇದ್ದ ಸಂಗತಿ ಅದು.