ಮೂಟೆಗೆ ಲೆಕ್ಕವುಂಟು, ಹೊತ್ತವನಿಗೆ?



ಪರೀಕ್ಷೆಗೆ ಓದುವಾಗ ಎನ್.ಎಸ್.ಜಿ. ಅಂತ ಮೂರಕ್ಷರ ಬಾಯಿಪಾಠ ಮಾಡ್ತೀವಿ. ಪರಮಾಣು ಸಾಮಗ್ರಿ ಮಾರುವ 48 ದೇಶಗಳ ಕೂಟ ಅದು. ಯುರೇನಿಯಂ ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಎಂಬ ಕಟ್ಟಳೆ ಇವರದು. ಈ ಕೂಟ ಯಾಕೆ ಹುಟ್ಟಿತು ಅಂತ ನಾವು ಎಂದಾದರೂ ಕೇಳಿದ್ದೀವಾ? ಕೆನಡಾ ಎಂಬ ಒಂದೇ ದೇಶದ ನಡೆ ನೋಡಿದರೆ ಸಾಕು, ಒಳಗುಟ್ಟು ತಿಳಿಯುತ್ತೆ.

1956ರಲ್ಲಿ ಕೆನಡಾ ಭಾರತಕ್ಕೊಂದು ರಿಯಾಕ್ಟರು ಕೊಡಲು ಒಪ್ಪಿತು. ಟ್ರಾಂಬೆಯ ಸೈರಸ್ ಅದು. 1960ರಲ್ಲಿ ಚಾಲೂ ಆಯಿತು. ಶಾಂತಿಯ ಕೆಲಸಕ್ಕೆ ಮಾತ್ರ ಎಂದು ಒಪ್ಪಂದದಲ್ಲಿ ಬರೆದಿತ್ತು. ಹೌದೋ ಅಲ್ಲವೋ ಎಂದು ಬಂದು ನೋಡುವ ತಪಾಸಣೆ ಇರಲಿಲ್ಲ. ಅಲ್ಲಿ ತಯಾರಾದ ಪ್ಲುಟೋನಿಯಂ 1974ರ ಮೇ 18ರಂದು ಪೋಖ್ರಾನಿನಲ್ಲಿ ಸಿಡಿಯಿತು. ದಿಲ್ಲಿ ಅದನ್ನೂ ಶಾಂತಿಯುತ ಸ್ಫೋಟ ಅಂದಿತು! ಕೆನಡಾ ಸಿಟ್ಟಾಗಿ ನೆರವು ನಿಲ್ಲಿಸಿತು. 1975ರಲ್ಲಿ ಏಳು ದೇಶಗಳು ಲಂಡನ್ನಿನಲ್ಲಿ ಗುಟ್ಟಾಗಿ ಕೂತವು, ಕೆನಡಾ ಅದರಲ್ಲೊಂದು. 1978ರಲ್ಲಿ ಕಟ್ಟಳೆ ಬಹಿರಂಗವಾಯಿತು.

ಬಾಂಬು ಹರಡಬಾರದು, ನಿಜ. ನಾವು ಯಾವ ದೇಶದ ಬಾಂಬಿನ ಪರವೂ ಅಲ್ಲ. ಆದರೆ ನ್ಯಾಯ ಹೇಳಿದ ಇದೇ ಕೆನಡಾ 1965ಕ್ಕೆ ಮುಂಚೆ ಅಮೆರಿಕದ ಬಾಂಬಿಗೆ ಯುರೇನಿಯಂ ಮಾರಿತ್ತು. 2008ರಲ್ಲಿ ಅಮೆರಿಕದ ಒತ್ತಾಯಕ್ಕೆ ಕೂಟವೆಲ್ಲ ಒಪ್ಪಿ ಭಾರತಕ್ಕೆ ವಿನಾಯಿತಿ ಕೊಟ್ಟಾಗ ಕೆನಡಾವೂ ತಲೆಯಾಡಿಸಿತು. 2010ರಲ್ಲಿ ಒಪ್ಪಂದ, 2015ರಲ್ಲಿ ಯುರೇನಿಯಂ ವ್ಯಾಪಾರ. ಸಿಟ್ಟು ಎಲ್ಲಿ ಹೋಯಿತು? ಕಟ್ಟಳೆ ಬರೆಯುವ ಕೈಯೇ ತಕ್ಕಡಿ ಹಿಡಿದರೆ ಹೀಗೇ ಆಗೋದು.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಕೆನಡಾದ ಉತ್ತರದಲ್ಲಿ ಗ್ರೇಟ್ ಬೇರ್ ಎಂಬ ಸರೋವರ. ಅದರ ದಡದ ಗಣಿಯ ಅದಿರು ಅಮೆರಿಕದ ಮೊದಲ ಬಾಂಬುಗಳ ಯೋಜನೆಗೆ ಹೋಯಿತು. ಅದನ್ನು ಬಟ್ಟೆಯ ಮೂಟೆಗಳಲ್ಲಿ ಬೆನ್ನ ಮೇಲೆ ಹೊತ್ತು ದೋಣಿಗೆ ಹಾಕಿದವರಲ್ಲಿ ಅಲ್ಲಿನ ಮೂಲನಿವಾಸಿ ಡೆನೆ ಜನರಿದ್ದರು. ಅಪಾಯ ಅಂತ ತಮಗೆ ಯಾರೂ ಹೇಳಲಿಲ್ಲ ಅಂತಾರೆ ಅವರು. ಅವರ ಊರಲ್ಲಿ ಕ್ಯಾನ್ಸರಿನಿಂದ ಗಂಡಸರು ಸತ್ತರು, ಹೆಂಗಸರು ವಿಧವೆಯರಾದರು. ಯಾವ ಸಾವಿಗೂ ಅದಿರೇ ಕಾರಣ ಎಂದು ಖಚಿತವಾಗಿ ಹೇಳಲಾಗದು ಎಂದು 2005ರ ವರದಿ ಬರೆಯಿತು. ಮೂಟೆ ಎಲ್ಲಿಗೆ ಹೋಯಿತು ಎಂಬುದಕ್ಕೆ ಲೆಕ್ಕ ಇತ್ತು. ಹೊತ್ತ ಬೆನ್ನಿಗೆ ಏನಾಯಿತು ಅಂತ ಆಗಲೇ ನೋಡಿದವರು ಯಾರು?

1998ರ ಆಗಸ್ಟಿನಲ್ಲಿ ಆ ಡೆನೆ ಜನ ಹಿರೋಶಿಮಾಕ್ಕೆ ಹೋಗಿ ಕ್ಷಮೆ ಕೇಳಿದರು. ಕ್ಷಮೆ ಕೇಳಬೇಕಾದವರು ಹೊತ್ತವರೋ, ಹೊರಿಸಿದವರೋ?

ಈ ಪ್ರಶ್ನೆ ನಮಗೆ ಹೊಸದಲ್ಲ. ಯಾರದೋ ಹೊಲಸನ್ನು ಹೊತ್ತು, ಮೈಲಿಗೆ ಅನ್ನಿಸಿಕೊಂಡವರ ಮಕ್ಕಳು ನಾವು. ನಮ್ಮ ಕೈಗಾದ ರಿಯಾಕ್ಟರುಗಳ ಮೂಲ ಮಾದರಿಯೂ ಕೆನಡಾದ್ದೇ. ಹಾಸ್ಟೆಲಿನಲ್ಲಿ ಭಾರತಕ್ಕೆ ಎನ್.ಎಸ್.ಜಿ. ಸದಸ್ಯತ್ವ ಸಿಗಬೇಕೋ ಬೇಡವೋ ಎಂದು ವಾದ ನಡೆದಾಗ ಎರಡೂ ಕಡೆಯವರನ್ನು ಒಂದೇ ಮಾತು ಕೇಳೋಣ: ನಿಮ್ಮ ಕಟ್ಟಳೆಯಲ್ಲಿ ಅದಿರಿದೆ, ಯಂತ್ರವಿದೆ, ಕೂಲಿಯವನು ಎಲ್ಲಿದ್ದಾನೆ?